ಹೊರಟವರನ್ನು ಕೂಗಬಾರದು

ಕೂನೂರಿನಲ್ಲಿ ಎರಡು ದಿನ ಇದ್ದರೂ ನನ್ನ ಅತ್ತೆ ಅಮ್ಮಣ್ಣಿ ಅಲ್ಲಿಯ ಒಂದು ಗುಡ್ಡವನ್ನೂ ನೆಟ್ಟಗೆ ನೋಡಲಿಲ್ಲ. ಚಹಾ ತೋಟದ ನಡುವೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ ಎಂದರೆ ಸೆರಗನ್ನು ತಲೆಗೆಳೆದುಕೊಂಡು ಆಚೆ ಮುಖ ಮಾಡಿದರು. ಚಹಾ ಕಾರ್ಖಾನೆಯಲ್ಲಿ ಎಲೆ ಬಾಡಿಸುವುದು, ಹಿಂಡುವುದು, ಪುಡಿ ಮಾಡುವುದು ಎಲ್ಲವನ್ನೂ ಒಬ್ಬ ಹುಡುಗಿ ಅಷ್ಟು ಪ್ರೀತಿಯಿಂದ ತೋರಿಸಿದಳು. ಇವರು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಲಾಡ್ಜಿನ ಕಿಟಕಿ ತೆರೆದರೆ ಮಂಜು ಒಳಗೇ ಬರುತ್ತಿತ್ತು. ಅದನ್ನು ಕಂಡು ನನ್ನ ಮಗಳು ಕುಣಿದಳು, ನಾನೂ ಸ್ವಲ್ಪ ಕುಣಿದೆ. ಅತ್ತೆಯದು ಮಾತ್ರ ಒಂದೇ ಪ್ರಶ್ನೆ.

"ರೈಲ್ ಯಾವಾಗ್ಳಿಕೆ?"

"ನಾಳೆ ಮಧ್ಯಾಹ್ನ ಮೇಲೆ ಅಜ್ಜಿ," ಎಂದು ಮಗಳು ಮೋಕ್ಷಿತಾ ಹತ್ತು ಸಲವಾದರೂ ಹೇಳಿರಬೇಕು. ಬಸ್ಸಿನಲ್ಲಿ ಮೈಸೂರು, ಊಟಿಯ ಮೇಲಿಂದ ಬಂದು, ಹೋಗುವಾಗ ಹಲ್ಲಿನ ಹಳಿಯ ಪುಟ್ಟ ರೈಲಿನಲ್ಲಿ ಘಟ್ಟ ಇಳಿಯುವುದು, ಕೊಯಮತ್ತೂರಿನಿಂದ ರಾತ್ರಿ ರೈಲು ಹಿಡಿಯುವುದು, ಈ ಲೆಕ್ಕಾಚಾರವೆಲ್ಲ ಅವಳದೇ.

ಎಪ್ಪತ್ತನಾಲ್ಕು ವರ್ಷದ ಹೆಂಗಸಿಗೆ ಆ ರೈಲಿನ ಮೇಲೆ ಏಕಿಷ್ಟು ಆಸೆ ಎಂದು ನಾವ್ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅತ್ತೆಯ ಕಿರಿಯ ಮಗ ರತನ್, ನನ್ನ ಮೈದುನ, ಒಂಬತ್ತು ವರ್ಷಗಳ ಹಿಂದೆ ಈ ರೈಲಿನಲ್ಲಿ ಹೋಗಿದ್ದ. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ರಜೆಯಲ್ಲಿ ಗೆಳೆಯರ ಜೊತೆ ಸುತ್ತಾಡಿ ಬಂದು ಅಮ್ಮನ ಕೈಗೆ ಒಂದು ಚಹಾಪುಡಿಯ ಪೊಟ್ಟಣ ಕೊಟ್ಟು, "ಅಮ್ಮಾ, ಒಂದ್ಸಲ ನಿನ್ನ ಆ ರೈಲಂಗೆ ಕೂರ್ಸ್ಕಂಡ್ ಬತ್ತೆ," ಎಂದಿದ್ದ. ಮರುವರ್ಷ ಅದೇ ಮಳೆಗಾಲದಲ್ಲಿ, ಬೋಟು ಇಲ್ಲದಿದ್ದರೆ ಏನಾಯಿತು ಎಂದು ನಾಡದೋಣಿ ಹತ್ತಿದ. ಗಂಗೊಳ್ಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ಮೂವರು ಈಜಿ ದಡ ಸೇರಿದರು. ರತನ್ ಎರಡನೆಯ ದಿನ ಹೆಣವಾಗಿ ನಮ್ಮೂರು ಕೋಡಿಯ ಮರಳಿಗೇ ಬಂದ. ಇಪ್ಪತ್ತೇಳು ವರ್ಷ ಅವನಿಗೆ. ಚಹಾಪುಡಿಯ ಪೊಟ್ಟಣ ಇನ್ನೂ ಅತ್ತೆಯ ಪೆಟ್ಟಿಗೆಯಲ್ಲಿದೆ.

ಈ ವರ್ಷ ಬೋಟು ಮೇಲೆಳೆದ ಮೇಲೆ ನನ್ನ ಗಂಡ ಗೋವರ್ಧನ ಹೇಳಿದರು, "ಅಮ್ಮನ್ ಕಾಲ್ ಗಟ್ಟಿ ಇಪ್ಪ ಹೊತ್ತಿಗೆ ಒಂದ್ಸಲ ಕರ್ಕಂಡ್ ಹೋಪ." ಹಾಗೆ ಹೊರಟವರು ನಾವು ನಾಲ್ವರು.

ಈಗ ನನ್ನ ವಿಷಯ ಹೇಳಬೇಕು. ನನ್ನ ಹೆಸರು ರಾಜೀವಿ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂರುತ್ತೇನೆ. ನನ್ನ ಸ್ವರ ಹೊರಗಿನ ರಿಕ್ಷಾ ಸ್ಟ್ಯಾಂಡಿಗೂ ಕೇಳುತ್ತದೆ ಎಂದು ತಮಾಷೆ ಮಾಡುವವರಿದ್ದಾರೆ. ಸುಳ್ಳಲ್ಲ, ಕೇಳುತ್ತದೆ. ಆದರೆ ಎಂಟು ವರ್ಷದಿಂದ ನಾನು ಯಾರನ್ನೂ ಹಿಂದಿನಿಂದ ಕೂಗಿಲ್ಲ.

ನಮ್ಮಲ್ಲಿ ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ಹಿಂದಿನಿಂದ ಕೂಗುವುದೂ ಇಲ್ಲ. ಬಾಯಿತಪ್ಪಿ ಕೂಗಿಬಿಟ್ಟರೆ ಅದಕ್ಕೂ ಒಂದು ದಾರಿ ಉಂಟು. ಹೊರಟವನು ವಾಪಸು ಬರಬೇಕು, ಒಂದು ಗಳಿಗೆ ಕೂರಬೇಕು, ಮನೆಯವರು ಕೊಟ್ಟ ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ಕೂಗಿದ್ದರ ದೋಷ ಅಲ್ಲಿಗೆ ಮುಗಿಯುತ್ತದೆ. ಇದೆಲ್ಲ ನಂಬಬೇಕೋ ಬೇಡವೋ ಎಂದು ಕಾಲೇಜಿಗೆ ಹೋಗುವ ನನ್ನ ಮಗಳು ಕೇಳುತ್ತಾಳೆ. ಗಂಡಸರು ಕಡಲಿಗೆ ಹೋಗುವ ಮನೆಯಲ್ಲಿ ಹಾಗೆ ಕೇಳುತ್ತ ಕೂರಲಿಕ್ಕಾಗುವುದಿಲ್ಲ.

ಆ ದಿನ ರತನ್ ಗಂಜಿಯ ಡಬ್ಬಿ ಬಿಟ್ಟು ಹೊರಟಿದ್ದ. ನಾನು ಅಡುಗೆಮನೆಯ ಬಾಗಿಲಿನಿಂದಲೇ ಕೂಗಿದೆ. "ಹ್ವಾಯ್ ರತನಾ, ಡಬ್ಬಿ ಬಿಟ್ಟ್ ಎಲ್ಲಿಗ್ ಹೋತೆ?" ಮಾಡಬಾರದ ಎರಡೂ ಒಂದೇ ಉಸಿರಿನಲ್ಲಿ ಆಗಿಹೋಯಿತು. ಅವನು ನಗುತ್ತ ತಿರುಗಿ ಜಗಲಿಗೆ ಬಂದ. ಅತ್ತೆ ಜಗಲಿಯಲ್ಲೇ ಕೂತಿದ್ದರು. ನಾನು ನೀರು ತರಲು ಒಳಗೆ ಓಡಿದೆ. ಚೊಂಬು ಹಿಡಿದು ಹೊರಗೆ ಬರುವಾಗ ಅವನು ತೆಂಗಿನ ಮರಗಳನ್ನು ದಾಟಿ ಹೋಗಿದ್ದ. ಇನ್ನೊಮ್ಮೆ ಕೂಗಲು ಧೈರ್ಯ ಬರಲಿಲ್ಲ. ಚೊಂಬು ಹಿಡಿದುಕೊಂಡು ನಿಂತೇ ಇದ್ದೆ.

ಉತ್ತರಕ್ರಿಯೆಯ ದಿನ ನೆಂಟರೆಲ್ಲ ಸೇರಿದ್ದಾಗ ಅತ್ತೆ ಹೇಳಿದರು, "ಹಿಂದಿಂದ ಕೂಗ್ದವ್ಳ್ ಇವ್ಳೇ." ಒಂದೇ ಸಲ ಹೇಳಿದ್ದು. ಆಮೇಲೆ ಬೈಯಲಿಲ್ಲ, ಹಂಗಿಸಲಿಲ್ಲ. ಆದರೆ ಅಂದಿನಿಂದ ನನ್ನ ಕೈಯ ನೀರು ಮುಟ್ಟಲಿಲ್ಲ. ನಾನು ಮಾಡಿದ ಅನ್ನ ಬೇಕು, ಮೀನಿನ ಗಸಿ ಬೇಕು, ಚಹಾ ಕೂಡ ಆಗುತ್ತದೆ. ನೀರು ಮಾತ್ರ ತಾವೇ ಹೋಗಿ ಮೊಗೆದುಕೊಳ್ಳಬೇಕು. ಒಮ್ಮೆ ನಾಲ್ಕು ದಿನ ಜ್ವರ ಬಂದಿದ್ದಾಗಲೂ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕೊಡಪಾನಕ್ಕೆ ಕೈ ಹಾಕಿದರು. ನಾನು ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗಂಡ ಇದನ್ನು ಕಂಡಿಲ್ಲವೋ, ಕಂಡೂ ಕಾಣದ ಹಾಗೆ ಇದ್ದಾರೋ, ನಾನು ಕೇಳಿಲ್ಲ. ನನಗಂತೂ ಪ್ರತಿ ದಿನ ಕಾಣುತ್ತಿತ್ತು, ಪ್ರತಿ ದಿನ ಉರಿಯುತ್ತಿತ್ತು.

ನಾನೂ ಬಾಯಿ ಕಟ್ಟಿದೆ. ಮಗಳು ಐಡಿ ಕಾರ್ಡು ಮರೆತು ಹೊರಟರೆ ಬರಿಗಾಲಲ್ಲಿ ಓಡಿ, ಸುತ್ತು ಹಾಕಿ, ಅವಳ ಎದುರಿಗೆ ನಿಂತು ಕೊಡುತ್ತೇನೆ. ಮಾರುಕಟ್ಟೆಯಲ್ಲಿ ಗಿರಾಕಿ ಕೊಡೆ ಬಿಟ್ಟು ಹೋದರೂ ಹಾಗೆಯೇ. ರಾಜೀವಿಗೆ ಮರುಳು ಎಂದು ಅಕ್ಕಪಕ್ಕದವರು ನಗುತ್ತಾರೆ, ನಗಲಿ.

ಕೂನೂರು ಸ್ಟೇಶನ್ನಿನಲ್ಲಿ ರೈಲು ನಿಂತಿತ್ತು. ಒಂದೊಂದು ಡಬ್ಬಿಗೂ ಬೇರೆ ಬೇರೆ ಬಾಗಿಲು, ಒಳಗಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದಾರಿ ಇಲ್ಲ. ನಮ್ಮ ನಾಲ್ಕು ಸೀಟು ಎರಡೆರಡಾಗಿ ಸಿಕ್ಕಿದ್ದವು, ಅಪ್ಪ ಮಗಳದು ಎಂಜಿನ್ನಿನ ಹತ್ತಿರ, ಅತ್ತೆ ಸೊಸೆಯದು ಕೊನೆಯ ಡಬ್ಬಿಯಲ್ಲಿ. ಬದಲಾಯಿಸಿಕೊಳ್ಳುವ ಎಂದು ನಾನು ಹೇಳಿದೆ.

"ಎರಡ್ ಮೂರ್ ಗಂಟೆ ದಾರಿ ಅಲ್ದಾ," ಎಂದರು ಗೋವರ್ಧನ. "ಅಮ್ಮನ್ ಒಟ್ಟಿಗ್ ಕೂಕೋ. ಎಂತ ತಿಂತ್ರಾ ನಿನ್ನ?"

ಮೋಕ್ಷಿತಾ ನನ್ನ ಫೋನನ್ನೂ ಕಸಿದುಕೊಂಡಳು, ಅವಳದರಲ್ಲಿ ಜಾಗ ಇಲ್ಲವಂತೆ, ವಿಡಿಯೋ ಮಾಡಬೇಕಂತೆ. ಅಜ್ಜಿಯನ್ನು ಹತ್ತಿಸುತ್ತ ರೈಲಿನ ಕತೆ ಹೇಳಿದಳು. "ಈ ಎಂಜಿನ್ ಮಧ್ಯ ಒಂದ್ ಕಡೆ ನಿಂತ್ ನೀರ್ ಕುಡಿತಂಬ್ರ್ ಅಜ್ಜಿ. ನೀರ್ ಕುಡೀದೆ ಮುಂದ್ ಹೋಪ್ದೇ ಇಲ್ಯಂಬ್ರ್."

ನಾವು ನಕ್ಕೆವು. ಅತ್ತೆ ನಗಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತು ಎಂಜಿನ್ನಿನ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಎಂಟು ವರ್ಷದಲ್ಲಿ ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ರೈಲು ಹೊರಟಿತು. ಸ್ವಲ್ಪ ದೂರ ಚಹಾದ ಗುಡ್ಡಗಳು, ನಡುನಡುವೆ ಕೆಂಪು ಹಂಚಿನ ಮನೆಗಳು. ಆಮೇಲೆ ಮಂಜು. ಆಮೇಲೆ ಕಾಡು, ಸುರಂಗ, ಸೇತುವೆ, ಮತ್ತೆ ಸುರಂಗ. ಎದುರು ಕೂತ ತಮಿಳು ಗಂಡಹೆಂಡತಿ ಕಡಲೆಕಾಯಿ ಕೊಟ್ಟರು. ಅತ್ತೆ ತಿನ್ನಲಿಲ್ಲ. ಕಿಟಕಿಗೆ ಹಣೆ ತಾಗಿಸಿ ಏನನ್ನೋ ಹುಡುಕುತ್ತಿದ್ದರು. ಒಂದು ಕಬ್ಬಿಣದ ಸೇತುವೆ ದಾಟುತ್ತಿದ್ದ ಹಾಗೆ ದಡಕ್ಕನೆ ಎದ್ದು ನಿಂತು ಕಿಟಕಿಯ ಸರಳು ಹಿಡಿದುಕೊಂಡರು. ಚೀಲಕ್ಕೆ ಕೈ ಹಾಕಿ ಏನನ್ನೋ ತೆಗೆದು ನೋಡಿ ಮತ್ತೆ ಒಳಗಿಟ್ಟರು. ನಾನು ಹೆಗಲ ಚೀಲದಿಂದ ನೀರಿನ ಬಾಟಲಿ ತೆಗೆದು ನೀಡಿದೆ. ಮುಖ ತಿರುಗಿಸಿದರು. ಇಷ್ಟು ದೂರ ಬಂದ ಮೇಲೂ ಇದೇ ಆಯಿತಲ್ಲ ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

ಸೇತುವೆಯಾಗಿ ಒಂದೆರಡು ನಿಮಿಷಕ್ಕೆ ರೈಲು ನಿಂತಿತು. ನೀರು ತುಂಬಿಸುವ ಜಾಗ. ಒಂದು ಹಳೆಯ ಸ್ಟೇಶನ್ ಕಟ್ಟಡ, ಒಂದು ನೀರಿನ ಕೊಳವೆ, ಮೇಲ್ಗಡೆ ಮಂಜಿನಲ್ಲಿ ಅರ್ಧ ಮುಚ್ಚಿದ ಚಹಾ ತೋಟ, ಕೆಳಗೆ ಕಾಡು. ಜನರೆಲ್ಲ ಫೋಟೋಕ್ಕೆ ಇಳಿದರು. ಅತ್ತೆಯೂ ಚೀಲ ಹಿಡಿದು ಇಳಿದರು.

ಎಲ್ಲಿಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಕಟ್ಟಡದ ಹಿಂದೆ ಪಾಯಿಖಾನೆ ಇರಬೇಕು, ಅಲ್ಲಿಗೇ ಇರಬಹುದು ಎಂದುಕೊಂಡು ಕೂತೆ. ಹತ್ತು ನಿಮಿಷವಾಯಿತು. ಎಂಜಿನ್ ಕೂಗಿತು. ಎಲ್ಲರೂ ಓಡಿ ಬಂದು ಹತ್ತಿದರು. ಎದುರಿನ ಹೆಂಗಸು ನನ್ನ ಮೊಣಕೈ ಮುಟ್ಟಿ ಹೊರಗೆ ಕೈ ತೋರಿಸಿದಳು. "ಪಾಟಿ, ಪಾಟಿ," ಎಂದಳು. ಅಜ್ಜಿ ಎಂದು ಅರ್ಥ ಮಾಡಿಕೊಂಡೆ.

ಅತ್ತೆ ಕಟ್ಟಡದ ಕಡೆ ಇರಲಿಲ್ಲ. ರೈಲು ಬಂದ ದಾರಿಯಲ್ಲೇ, ಹಳಿಯ ನಡುವೆ, ಮೇಲಕ್ಕೆ ನಡೆಯುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಕಾಲು ಅದು, ಎಪ್ಪತ್ತನಾಲ್ಕಾದರೂ ಚುರುಕು. ಕಂದು ಸೀರೆಯ ಬೆನ್ನು ಮಾತ್ರ ಕಾಣುತ್ತಿತ್ತು. ಹೆಚ್ಚೆಂದರೆ ನೂರು ಮಾರು ದೂರ. ನನ್ನ ಸ್ವರಕ್ಕೆ ಅದು ಏನೂ ಅಲ್ಲ.

ಬಾಯಿ ತೆರೆದೆ. ಸ್ವರ ಬರಲಿಲ್ಲ.

ಒಂದು ನಿಜ ಹೇಳುತ್ತೇನೆ, ಗಂಡನಿಗೂ ಹೇಳಿಲ್ಲ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದು ದೋಷದ ಹೆದರಿಕೆ ಒಂದೇ ಅಲ್ಲ. ಹೋಗಲಿ, ಎಂದು ಬಂತು. ಹೋಗಲಿ, ನಾನು ಕೇಳಲೂ ಇಲ್ಲ, ಕೂಗಲೂ ಇಲ್ಲ, ಈ ಸಲ ನನ್ನ ಮೇಲೆ ಯಾರೂ ಹೊರಿಸುವ ಹಾಗಿಲ್ಲ. ಒಂದು ಕ್ಷಣ, ಅಷ್ಟೇ. ಆದರೆ ಬಂದದ್ದು ಬಂತು. ರೈಲು ಅಲುಗಿತು. ಆ ಯೋಚನೆಗೆ ನಾನು ಎಷ್ಟು ಹೆದರಿದೆನೆಂದರೆ ಚಲಿಸುತ್ತಿದ್ದ ರೈಲಿನಿಂದ ಹಾರಿಯೇಬಿಟ್ಟೆ.

ಮೊಣಕಾಲು ಜಲ್ಲಿಗೆ ತಾಗಿ ಸಿಪ್ಪೆ ಹೋಯಿತು. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಏಳುವಷ್ಟರಲ್ಲಿ ರೈಲು ತಿರುವಿನಲ್ಲಿತ್ತು. ಆ ಗಂಡಹೆಂಡತಿ ಕಿಟಕಿಯಿಂದ ಕೈ ಬೀಸಿ ಏನೋ ಕೂಗುತ್ತಿದ್ದರು. ಮುಂದಿನ ಡಬ್ಬಿಯಲ್ಲಿ ನನ್ನ ಗಂಡ, ಮಗಳು, ನನ್ನ ಫೋನು, ಎಲ್ಲ ಹೊರಟುಹೋಯಿತು. ಆ ದಿನಕ್ಕೆ ಅದೇ ಕೊನೆಯ ರೈಲು.

ನನ್ನ ಲೆಕ್ಕ ಸರಳವಾಗಿತ್ತು. ಓಡುವುದು, ಅತ್ತೆಯನ್ನು ದಾಟುವುದು, ಎದುರಿಗೆ ನಿಲ್ಲುವುದು. ಎಂಟು ವರ್ಷ ಅದನ್ನೇ ಮಾಡಿಲ್ಲವೇ. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟೆ. ಹಳಿಯ ನಡುವೆ ಹಲ್ಲುಹಲ್ಲಿನ ಇನ್ನೊಂದು ಕಬ್ಬಿಣ, ಎಣ್ಣೆ ಬಳಿದು ಜಾರುತ್ತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಜಲ್ಲಿ. ತಿರುವು ದಾಟುವಾಗ ಗಾಳಿಯಲ್ಲಿ ಹಲಸಿನ ಹಣ್ಣಿನ ವಾಸನೆ ಬಂತು. ಚೆನ್ನಾಗಿ ಹಣ್ಣಾಗಿ ಬಿದ್ದು ಒಡೆದ ಹಲಸು, ನಮ್ಮ ಹೆಮ್ಮಾಡಿಯ ತವರುಮನೆಯ ಹಿತ್ತಲಿನ ವಾಸನೆ. ಆ ಗಾಬರಿಯಲ್ಲೂ ನನಗೆ ಸ್ವಲ್ಪ ಧೈರ್ಯ ಬಂತು. ಹಲಸು ಇದ್ದಲ್ಲಿ ಮನೆ ಇರುತ್ತದೆ, ಜನ ಇರುತ್ತಾರೆ ಎಂದುಕೊಂಡೆ. ಕರಾವಳಿಯ ಬುದ್ಧಿ.

ಹಿಂದಿನಿಂದ ಯಾರೋ ಓಡಿ ಬಂದು ನನ್ನ ತೋಳು ಹಿಡಿದರು. ಕಿತ್ತಳೆ ಬಣ್ಣದ ಅಂಗಿ ತೊಟ್ಟ, ಹಳಿ ನೋಡಿಕೊಳ್ಳುವ ರೈಲ್ವೆಯ ಆಳು. ಐವತ್ತು ದಾಟಿದವನು, ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ. ಏದುಸಿರು ಬಿಡುತ್ತ ತಮಿಳಿನಲ್ಲಿ ಏನೇನೋ ಹೇಳಿದ. ನನಗೆ ಒಂದೇ ಒಂದು ಮಾತು ಅರ್ಥವಾಯಿತು. ಆನೆ. ಅವನು ಮೂಗು ಮೇಲೆತ್ತಿ ವಾಸನೆ ನೋಡಿದ, ಸೇತುವೆಯ ಆಚೆಯ ಮರಗಳನ್ನು ತೋರಿಸಿದ, ಮೂರು ಬೆರಳು ಎತ್ತಿದ. ಹಲಸಿಗೆ ಬಂದಿವೆ, ಮೂರು ಇವೆ. ಇಷ್ಟು ತಿಳಿಯಲು ಭಾಷೆ ಬೇಕಾಗಲಿಲ್ಲ.

ಅತ್ತೆ ಆಗಲೇ ಸೇತುವೆಯ ಮೇಲಿದ್ದರು. ನಾವು ರೈಲಿನಲ್ಲಿ ದಾಟಿದ ಅದೇ ಕಬ್ಬಿಣದ ಸೇತುವೆ. ಅಡ್ಡಪಟ್ಟಿಗಳ ನಡುವೆ ಬರೀ ಗಾಳಿ, ಕೆಳಗೆ ಕಲ್ಲು, ಹೊಳೆ. ಬದಿಯಲ್ಲಿ ಒಬ್ಬರು ನಡೆಯುವಷ್ಟು ಹಲಗೆ ಇತ್ತು, ಅದರ ಮೇಲೆ ಕಂಬಿ ಹಿಡಿದು ಹೋಗುತ್ತಿದ್ದರು. ನಾನು ಓಡಲು ಹೊರಟರೆ ಅವನು ತೋಳು ಬಿಡಲಿಲ್ಲ. ಓಡುವುದು ಕಂಡರೆ ಅವು ಮೇಲೆ ಬೀಳುತ್ತವೆ ಎಂದು ಕೈ ಬೀಸಿ ತೋರಿಸಿದ.

"ಪಾಟೀ," ಎಂದು ಅವನೇ ಕರೆದ. ಮತ್ತೆ ಕರೆದ. ಅತ್ತೆ ತಿರುಗಲಿಲ್ಲ. ಎಲ್ಲಿ ತಿರುಗುತ್ತಾರೆ, ಅದು ತನಗೆ ಎಂದು ಗೊತ್ತಾಗಬೇಕಲ್ಲ. ಅವನು ನನ್ನ ಎದೆಯ ಕಡೆ ಬೆರಳು ಮಾಡಿ, ಬಾಯಿಯ ಹತ್ತಿರ ಕೈ ತಂದು ತೋರಿಸಿದ. ನೀನು ಕೂಗು.

ಆಚೆ ದಡದಲ್ಲಿ ಕೊಂಬೆ ಮುರಿಯಿತು. ಸಣ್ಣ ಸದ್ದಲ್ಲ. ಪೊದೆಯ ಮೇಲೆ ಒಂದು ಕಪ್ಪು ಬೆನ್ನು ಕಂಡಿತು, ಮರೆಯಾಯಿತು. ಅತ್ತೆ ಸೇತುವೆಯ ಅರ್ಧ ದಾಟಿದ್ದರು.

ಕೂಗಿದರೆ ಬೆಚ್ಚಿ ಕಾಲು ಜಾರಿದರೆ ಏನು ಮಾಡುವುದು. ಇದೇ ಸ್ವರ, ಇದೇ ಬಾಯಿ, ಹಿಂದಿನಿಂದ, ಹೊರಟ ಜೀವವನ್ನು. ಎರಡನೆಯ ಸಲ. ಈ ಸಲ ನೆಂಟರ ಎದುರು ಹೇಳಲು ಅತ್ತೆಯೂ ಇರುವುದಿಲ್ಲ, ನಾನೇ ಹೇಳಿಕೊಳ್ಳಬೇಕು. ಕೂಗದೆ ಇದ್ದರೆ ಇನ್ನು ಇಪ್ಪತ್ತು ಹೆಜ್ಜೆ, ಅಷ್ಟೇ. ರೈಲ್ವೆಯವನು ತೋಳನ್ನು ಹಿಂಡುತ್ತಿದ್ದ. ರತನ್‌ನ ಬೆನ್ನು ಕಂಡಿತು, ತೆಂಗಿನ ಮರಗಳ ಆಚೆ, ನನ್ನ ಕೈಯಲ್ಲಿ ಚೊಂಬು. ಅಂದು ಎರಡನೆಯ ಸಲ ಕೂಗಿದ್ದರೆ ಅವನು ನಿಲ್ಲುತ್ತಿದ್ದನೋ ಏನೋ. ಇಷ್ಟು ವರ್ಷ ಮೊದಲ ಕೂಗಿಗೇ ಅತ್ತಿದ್ದೆ, ಕೂಗದೆ ಬಿಟ್ಟ ಎರಡನೆಯದರ ನೆನಪು ಬಂದದ್ದು ಆಗಲೇ.

"ಹ್ವಾಯ್, ಅತ್ತೇ, ಎಲ್ಲಿಗ್ ಹೋತ್ರಿ?"

ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು. ಎಂಟು ವರ್ಷ ಕಟ್ಟಿಟ್ಟ ಸ್ವರ, ನನಗೇ ಭಯವಾಗುವಷ್ಟು ದೊಡ್ಡದಾಗಿ ಬಂತು.

ಅತ್ತೆ ನಿಂತರು. ತಿರುಗಲಿಲ್ಲ. ಕಂಬಿ ಹಿಡಿದು ಹಾಗೇ ನಿಂತರು. ಆಮೇಲೆ ನಿಧಾನವಾಗಿ ಇತ್ತ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಾಕುತ್ತ ವಾಪಸು ಬರತೊಡಗಿದರು.

ಅವರು ನಾಲ್ಕು ಹೆಜ್ಜೆ ಬಂದಿರಬೇಕು. ಅವರ ಹಿಂದೆ, ಸೇತುವೆಯ ಆಚೆ ತುದಿಯಲ್ಲಿ, ಹಳಿಯ ಮೇಲಕ್ಕೆ ಒಂದು ಹೆಣ್ಣಾನೆ ಬಂತು. ಅದರ ಕಾಲಸಂದಿಯಲ್ಲಿ ಮರಿ. ಹಿಂದೆ ಇನ್ನೊಂದು. ಮುಂದಿನದು ಕಿವಿ ಬಿಡಿಸಿ ಸೇತುವೆಯ ಕಡೆಗೇ ಮುಖ ಮಾಡಿ ನಿಂತಿತು. ರೈಲ್ವೆಯವನು ನನ್ನ ತೋಳಿನ ಮೇಲೆ ಬೆರಳು ಒತ್ತಿದ, ಅಲುಗಬೇಡ ಎಂದು.

ಅತ್ತೆಗೆ ಹಿಂದೆ ಏನಿದೆ ಎಂದು ಗೊತ್ತಿಲ್ಲ. ಅವರು ನನ್ನ ಮುಖವನ್ನೇ ನೋಡಿಕೊಂಡು ಬರುತ್ತಿದ್ದರು. ನನ್ನ ಮುಖದಲ್ಲಿ ಏನಾದರೂ ಕಂಡರೆ ತಿರುಗಿ ನೋಡುತ್ತಾರೆ, ನೋಡಿದರೆ ಕಾಲು ತಪ್ಪುತ್ತದೆ. ನಿನ್ನೆಯ ಮೀನನ್ನು ಇವತ್ತಿನದೇ ಎಂದು ಹೇಳುವಾಗ ನಾನು ಒಂದು ಮುಖ ಮಾಡುತ್ತೇನೆ. ಆ ಮುಖ ಮಾಡಿ ನಿಂತೆ. ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಅದು ಬಳಕೆಯಾಗಿಲ್ಲ. ಹಲಗೆ ಕಿರುಗುಟ್ಟಿತು. ಮಂಜು ಸೇತುವೆಯ ಕೆಳಗಿನಿಂದ ಏರಿ ಆನೆಯ ಕಾಲುಗಳನ್ನು ಮುಚ್ಚಿತು, ಮತ್ತೆ ಬಿಟ್ಟಿತು. ಅತ್ತೆ ಹಲಗೆಯ ಕೊನೆಗೆ ಬಂದು ಕಾಲು ನೆಲಕ್ಕೆ ತಾಗಿಸಿದ ಕೂಡಲೇ ರೈಲ್ವೆಯವನು ಇಬ್ಬರನ್ನೂ ಸೆಳೆದು ಬದಿಯ ಬಂಡೆಯ ಮರೆಗೆ ಕೂರಿಸಿದ.

ಆಗ ಅತ್ತೆ ಬಂಡೆಯ ಅಂಚಿನಿಂದ ಆಚೆ ದಡ ನೋಡಿದರು. ಆನೆಗಳನ್ನು ನೋಡಿದರು. ತಾಯಿ ಆನೆ ಒಂದು ಹಲಸನ್ನು ಕಾಲಲ್ಲಿ ಒತ್ತಿ ಒಡೆದು ಮರಿಯ ಮುಂದೆ ಸರಿಸಿತು. ತುಂಬ ಹೊತ್ತಾದ ಮೇಲೆ ಮೂರೂ ಹಳಿ ದಾಟಿ ಕೆಳಗಿನ ಕಾಡಿಗೆ ಇಳಿದವು. ರೈಲ್ವೆಯವನು ಜೇಬಿನಿಂದ ಫೋನು ತೆಗೆದು ಮುಂದಿನ ಸ್ಟೇಶನ್ನಿಗೆ ಸುದ್ದಿ ಮುಟ್ಟಿಸಲು ಸಿಗ್ನಲ್ ಹುಡುಕುತ್ತ ಸ್ವಲ್ಪ ದೂರ ಹೋದ.

ಅತ್ತೆ ಕಲ್ಲಿನ ಮೇಲೆ ಸರಿಯಾಗಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆಗೆ ಕೈ ಚಾಚಿದರು.

"ನೀರ್ ಕೊಡ್," ಎಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಬಾಟಲಿ ತೆಗೆದೆ. ಮುಚ್ಚಳಕ್ಕೆ ಸೆರಗು ಸುತ್ತಿ ತಿರುಗಿಸಿದೆ. ಅತ್ತೆ ನನ್ನ ಕೈಯಿಂದ ತೆಗೆದುಕೊಂಡು, ತಲೆ ಎತ್ತಿ, ಗುಟುಕು ಗುಟುಕಾಗಿ ಕುಡಿದರು. ಗಂಟಲಲ್ಲಿ ನೀರು ಇಳಿಯುವುದನ್ನು ನಾನು ನೋಡುತ್ತ ಕೂತೆ. ಎಂಟು ವರ್ಷದ ಮೇಲೆ.

"ಅಂದ್ ಅಂವ ಜಗ್ಲಿ ಮೇಲ್ ಕೂಕಂಡಿದ್ದ," ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

"ಕೂಕಂಡಿದ್ದ ಮಾರಾಯ್ತಿ. ಅತ್ಗಿ ನೀರ್ ತರೂಕೆ ಹೋಯಿದ್ಲ್, ಕುಡ್ಕಂಡ್ ಹೋತೆ ಅಂದ. ನಾನೇ ಎಬ್ಸಿದ್. ದೋಣಿಯರ್ ಕಾಯ್ತಾ ಇದ್ರ್, ನೀರೂ ಬ್ಯಾಡ ಗೀರೂ ಬ್ಯಾಡ, ಹೋಗ್ ಅಂದೆ."

ಅವರ ಸ್ವರ ಒಡೆಯಲಿಲ್ಲ. ಬಹಳ ಸಲ ಒಳಗೊಳಗೇ ಹೇಳಿ ಸವೆದ ಮಾತಿರಬೇಕು.

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಆನೆಗೆ ಹೆದರಿದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಎಂಟು ವರ್ಷ ನಾನು ನಿದ್ದೆಯಲ್ಲಿ ಚೊಂಬು ಹಿಡಿದು ನಿಂತಿದ್ದೇನೆ. ಮಾರುಕಟ್ಟೆಯಲ್ಲಿ ಇಬ್ಬರು ತಲೆ ಹತ್ತಿರ ತಂದು ಮಾತಾಡಿದರೆ ನನ್ನದೇ ಮಾತು ಎಂದುಕೊಂಡಿದ್ದೇನೆ.

"ಇಷ್ಟ್ ವರ್ಷ ಎಂತಕೆ ಹೇಳ್ಲಿಲ್ಲೆ ನೀವ್?" ಎಂದೆ. "ಎಲ್ಲರ್ ಎದ್ರಿಗ್ ನನ್ ಹೆಸ್ರ್ ಹೇಳಿದ್ರಿ."

"ಹೇಳಿರೆ ನಾ ಬದ್ಕೂಕೆ ಆತಿತ್ತಾ?" ಎಂದರು ಅತ್ತೆ. "ಅಂವ್ನ ಹೆತ್ತವ್ಳೇ ಕಳ್ಸ್‌ದ್ಲ್ ಅಂದೇಳಿ ಆತಿತ್ತಲೆ." ಬಾಟಲಿಯನ್ನು ಕಲ್ಲಿನ ಮೇಲಿಟ್ಟು, "ನಿನ್ ಕೈಯಂಗೆ ನೀರ್ ಕಂಡ್ರೆ ಆ ಚೊಂಬೇ ಕಾಂತಿತ್ತ್ ನಂಗೆ. ಕುಡೂಕೆ ಗಂಟ್ಲಂಗೆ ಇಳೀತಿರ್ಲಿಲ್ಲೆ," ಎಂದರು.

ಇಷ್ಟು ಕಾಲ ಅದನ್ನು ದ್ವೇಷ ಎಂದುಕೊಂಡಿದ್ದೆ. ಸಿಟ್ಟು ಅಲ್ಲೇ ಇತ್ತು, ಹೋಗಲಿಲ್ಲ.

ಅತ್ತೆ ಚೀಲದಿಂದ ಒಂದು ಫೋಟೋ ತೆಗೆದರು. ಪ್ಲಾಸ್ಟಿಕ್ ಹಾಕಿಸಿದ್ದು, ಅಂಚು ಹಳದಿಯಾಗಿತ್ತು. ಇದೇ ಸೇತುವೆ. ಆಚೆ ತುದಿಯ ಕಂಬಿಗೆ ಒರಗಿ ರತನ್ ನಿಂತಿದ್ದ, ಕುತ್ತಿಗೆಗೆ ಟವೆಲು ಸುತ್ತಿಕೊಂಡು, ಹಲ್ಲೆಲ್ಲ ಕಾಣುವಂತೆ ನಗುತ್ತ. ಅವನ ಹಿಂದೆ ಅದೇ ಹಲಸಿನ ಮರ.

"ಅಂವ ನಿಂತಲ್ ಒಂದ್ ಗಳ್ಗಿ ನಿಲ್ಕ್ ಅಂದೇಳಿ ಇದ್ದಿತ್ತ್," ಎಂದರು. "ಹೇಳಿರೆ ನೀವ್ ಬಿಡ್ತಿರ್ಲಿಲ್ಲೆ."

"ಹೇಳಿರೆ ನಾನೇ ಕರ್ಕಂಡ್ ಬತ್ತಿದ್ದೆ," ಎಂದೆ. ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ.

ಅತ್ತೆ ಆಚೆ ತುದಿಯನ್ನು ನೋಡಿದರು. ಅಲ್ಲಿ ಈಗ ಯಾರೂ ಇರಲಿಲ್ಲ, ಹಳಿಯ ಮೇಲೆ ಹಲಸಿನ ಸಿಪ್ಪೆ ಬಿದ್ದಿತ್ತು. ಇನ್ನೊಮ್ಮೆ ಹೋಗುತ್ತೇನೆ ಎನ್ನಲಿಲ್ಲ. ಫೋಟೋ ಚೀಲಕ್ಕೆ ಹಾಕಿ ಗಂಟು ಬಿಗಿದರು.

ರೈಲ್ವೆಯವನು ಬಂದ. ಸುದ್ದಿ ಮುಟ್ಟಿದೆ, ರೈಲಿನಲ್ಲಿ ಕೂಗಿ ಹೇಳುತ್ತಾರೆ, ಮೇಲಿನ ರಸ್ತೆಗೆ ಹತ್ತಿಸಿ ನಮ್ಮನ್ನು ಬಸ್ಸಿಗೆ ಬಿಡುತ್ತೇನೆ ಎಂದು ಕೈಯಲ್ಲೂ ಬಾಯಲ್ಲೂ ತಿಳಿಸಿದ. ಕತ್ತಲಾಗುವ ಮೊದಲು ಏಳಬೇಕು. ಬಸ್ಸು ಎಂದದ್ದು ಅತ್ತೆಗೂ ತಿಳಿಯಿತು. ನಾನು ಎದ್ದೆ, ಕೈ ಕೊಟ್ಟೆ. ಅತ್ತೆ ಕೈ ಹಿಡಿದರು, ಆದರೆ ಏಳಲಿಲ್ಲ. ಬಾಟಲಿ ಎತ್ತಿ ನನ್ನ ಕಡೆ ಹಿಡಿದರು. ತಳದಲ್ಲಿ ಎರಡು ಗುಟುಕು ಉಳಿದಿತ್ತು.

"ನೀನೂ ಕುಡಿ."

"ಹೊರಟವ್ರ್ ಅಲ್ದಾ ಕುಡೂದ್," ಎಂದೆ. "ನಾ ಕೂಗ್ದವ್ಳ್."

"ನೀನೂ ನನ್ ಬೆನ್ನಿಗೇ ಹೊರಟ್ ಬಂದವ್ಳ್," ಎಂದರು ಅತ್ತೆ. "ನಿತ್ಕಂಡ್ ಕುಡೀಬೇಡ. ಕೂಕೋ."

ನಾನು ಅವರ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ ಕೂತೆ. ಅತ್ತೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿದೆ.